ಕಾಡಿನ ಸೇತುವೆಗೆ ಕಲ್ಲು ಹೊದೆಸಿದ್ದು

ಬೆಳ್ತಂಗಡಿ ದಾಟಿ ಘಟ್ಟದ ಬುಡಕ್ಕೆ ಹೋದರೆ ರಾಷ್ಟ್ರೀಯ ಉದ್ಯಾನದೊಳಗೆ, ಹಳ್ಳದ ಮೇಲೆ, ಒಂದು ಕಲ್ಲಿನ ಸೇತುವೆ ಉಂಟು. ನೋಡಿದವರು ಯಾವುದೋ ಅರಸರ ಕಾಲದ್ದು ಅನ್ನುತ್ತಾರೆ. ಅಲ್ಲ. ಮೊದಲು ಅಲ್ಲಿದ್ದದ್ದು ಮರದ ಸಂಕ. ಒಂದು ಮಳೆಗಾಲದಲ್ಲಿ ಕೊಚ್ಚಿಹೋಯಿತು. ಆಮೇಲೆ ಕಾಂಕ್ರೀಟು ಬಂತು. ಕಾಡಿನಲ್ಲಿ ಬರೀ ಕಾಂಕ್ರೀಟು ಚಂದವಿಲ್ಲವೆಂದು ಅದಕ್ಕೆ ಕಲ್ಲು ಹೊದೆಸಿದರು. ಹೊದೆಸಿದ್ದು ನನ್ನ ಸೋದರಮಾವ. ಕರೆದುಕೊಂಡು ಹೋದದ್ದು ನಾನು.

ನಾನಾಗ ಬಂಟ್ವಾಳದ ಗುತ್ತಿಗೆದಾರರೊಬ್ಬರ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದೆ. ಮಾವ ಮೂಡುಬಿದಿರೆಯವರು; ಬಸದಿಗಳ ದುರಸ್ತಿಗೆ ಕಲ್ಲು ಕೆತ್ತಿಯೇ ಮುದುಕರಾದವರು. ಎರಡು ಕಲ್ಲುಗಳ ನಡುವೆ ಬಾಳೆನಾರು ತೂರಿತೆಂದರೆ ಅದು ಅವರ ಕೆಲಸವಲ್ಲ.

ಕಲ್ಲು ಒರಟಾಗಿಯೇ ಇರಬೇಕೆಂದು ಅರಣ್ಯ ಇಲಾಖೆಯ ಅಧಿಕಾರಿ ನನಗೆ ಮೊದಲೇ ಹೇಳಿದ್ದರು. ಮಾವನಿಗೆ ನಾನದನ್ನು ಹೇಳಲಿಲ್ಲ. ಹೇಳುವುದಾದರೂ ಹೇಗೆ? ನಮ್ಮಲ್ಲಿ ಕೆತ್ತದ ಕಲ್ಲು ದನದ ಹಟ್ಟಿಗೆ. ಒಳ್ಳೆಯ ಕೆಲಸ ಮಾಡಿಕೊಟ್ಟರೆ ಬೇಡ ಅನ್ನುವವರು ಯಾರು ಎಂದುಕೊಂಡೆ.

ಮಾವ ನೋಯುವ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಮೂರು ವಾರ ಕೆತ್ತಿದರು.

"ಇಷ್ಟು ನಯ ಸಾಕಲ್ಲ ಮಾವ?"

"ಇದು ನನ್ನ ಕೊನೆಯ ಕೆಲಸ ಮಾರಾಯ. ಅರ್ಧಂಬರ್ಧ ಮಾಡ್ಲಿಕ್ಕೆ ಆಗ್ತದಾ?"

ಒಂದು ಬದಿಯ ಗೋಡೆಗೆ ಕಲ್ಲು ಕೂರಿಸಿದ ಮರುದಿನ ಬೆಳಿಗ್ಗೆಯೇ ಅಧಿಕಾರಿ ಬಂದರು. ಅವರು ಘಟ್ಟದ ಮೇಲಿನವರು.

"ಏನ್ರೀ ಇದು, ಬ್ಯಾಂಕ್ ಕಟ್ಟಡ ಥರ ಇದೆ! ಕಾಡಲ್ಲೇ ಹುಟ್ಟಿದ ಹಾಗೆ ಕಾಣ್ಬೇಕು ಅಂತ ಹೇಳಿರ್ಲಿಲ್ವಾ?"

ಮಾವ ನನ್ನ ಮುಖ ನೋಡಿದರು. ಆಮೇಲೆ ಅಧಿಕಾರಿಯನ್ನೇ ಕೇಳಿದರು: "ಅಂದ್ರೆ ಯಾರೂ ಕೈ ಹಾಕಿದ ಹಾಗೆ ಕಾಣಬಾರದು, ಅಲ್ವಾ ಸಾರ್?"

"ಅದೇ ಮೇಸ್ತ್ರಿ, ಕರೆಕ್ಟಾಗಿ ಹೇಳಿದ್ರಿ."

ಜೀಪು ಹೋಯಿತು. ನಾನು ಬೈಗುಳಕ್ಕೆ ಕಾದು ನಿಂತೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

"ಒಳ್ಳೇ ಅಳಿಯ ಸಿಕ್ಕಿದ ನನಗೆ. ಬಾ, ಹಾರೆ ಹಿಡಿ."

ಸಿಮೆಂಟು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಕಲ್ಲುಗಳನ್ನು ಒಂದೊಂದಾಗಿ ಮೀಟಿ ತೆಗೆದೆವು. ಬೇರೆ ಕಲ್ಲು ತರಿಸುತ್ತೇನೆಂದೆ, ಬೇಡವೆಂದರು. ಕೆತ್ತಿದ ಮುಖವನ್ನು ಒಳಗಿನ ಸಿಮೆಂಟಿಗೆ ಒತ್ತಿ, ಒರಟು ಬೆನ್ನನ್ನು ಹೊರಗೆ ಮಾಡಿ ಕೂರಿಸಿದರು. ಹಾಗೆ ಕೂರಿಸುವಾಗಲೂ ಸಾಲು ನೇರವಿದೆಯೇ ಎಂದು ನೂಲು ಹಿಡಿಯುವುದನ್ನು ಬಿಡಲಿಲ್ಲ. ಇನ್ನೊಂದು ಬದಿಗೆ ಕೆತ್ತದ ಕಲ್ಲನ್ನೇ ಇಟ್ಟರು. ಅದು ಬೇಗ ಮುಗಿಯಿತು.

ಅಧಿಕಾರಿಗೆ ಬಹಳ ಖುಷಿಯಾಯಿತು. ಮಾವನ ಫೋಟೋ ತೆಗೆಯಲು ಬಂದರು.

"ಯಾರೂ ಮಾಡಿದ್ದಲ್ಲವಲ್ಲ ಸಾರ್, ಫೋಟೋ ಯಾರದ್ದು?" ಎಂದು ಮಾವ ಚೀಲ ಹೆಗಲಿಗೇರಿಸಿದರು.

ಹಿಂದೆ ಬರುವಾಗ ಬಸ್ಸಿನಲ್ಲಿ ಒಂದೇ ಮಾತು: "ಬೇರೆ ಏನಾದರೂ ಕೆಲಸ ಹುಡುಕು. ಸಣ್ಣದಾದರೂ ಅಡ್ಡಿಯಿಲ್ಲ. ಇದು ಕೊನೆಯದಾಗುವುದು ಬೇಡ."

ಹುಡುಕಿದೆ. ಬಂಟ್ವಾಳದಲ್ಲಿ, ಮೂಡುಬಿದಿರೆಯಲ್ಲಿ, ಎಲ್ಲಿ ಕೇಳಿದರೂ ಟೈಲ್ಸು, ಇಲ್ಲವೇ ಮಿಷನ್ನಿನಲ್ಲಿ ಕೊಯ್ದ ಗ್ರಾನೈಟು. ಎರಡು ಮಳೆಗಾಲ ಕಳೆದ ಮೇಲೆ ಕಲ್ಲಡ್ಕದ ಬ್ಯಾರಿ ವ್ಯಾಪಾರಿಯೊಬ್ಬರು ತಮ್ಮ ಮನೆಯ ಬಾವಿಯ ಬಳಿ ಬಟ್ಟೆ ಒಗೆಯುವ ಕಲ್ಲೊಂದು ಬೇಕೆಂದರು. ಮಾವ ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದರು.

ಕಲ್ಲಿನ ಮುಂದೆ ಕೂತು ಉಳಿ ಇಟ್ಟರು. ಎರಡು ಏಟಿಗೇ ಉಳಿ ಜಾರಿತು. ಮೂರನೆಯದಕ್ಕೆ ಮಣಿಕಟ್ಟು ಸೋತು ಸುತ್ತಿಗೆಯೇ ಕೈಯಿಂದ ಬಿತ್ತು. ಮನೆಯವರು ಚಾ ತಂದರು. ಮಾವ ನಿಧಾನಕ್ಕೆ ಕುಡಿದು ಲೋಟ ಕೆಳಗಿಟ್ಟರು.

"ಹೋಗುವ ಮಾರಾಯ," ಎಂದರು. "ಮಿಷನ್ನಿನವರಿಗೆ ಹೇಳು."