ಬುತ್ತಿಯ ಜೊತೆ ಒಯ್ದ ಹಣ

ದೊಡವಾಡದ ನಮ್ಮ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳು ಬರಿಯ ನೆಲದ ಮೇಲೆ ಕೂರುತ್ತಿದ್ದರು. ಚಳಿಗಾಲದ ಬೆಳಿಗ್ಗೆ ಆ ಫರಸಿ ಕಲ್ಲಿನ ಮೇಲೆ ಕಾಲಿಡಲೂ ಆಗುತ್ತಿರಲಿಲ್ಲ. ತಾಯಂದಿರೆಲ್ಲ ಸೇರಿ ಒಂದು ದೊಡ್ಡ ಜಮಖಾನ ಕೊಡಿಸೋಣವೆಂದಾಗ ಹಣ ಕೂಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಲೆಕ್ಕದಲ್ಲಿ ಜಾಣೆ ಎಂದಲ್ಲ. ನನ್ನ ಬಾಯಿಗೆ ಹೆದರಿಯಾದರೂ ಎಲ್ಲರೂ ಕೊಟ್ಟಾರು ಎಂದು.

ಹೆಚ್ಚಿನವರು ಫೋನಿನಲ್ಲೇ ಕಳಿಸಿದರು. ನನ್ನ ಮಗಳ ಪಕ್ಕ ಕೂರುತ್ತಿದ್ದ ಹುಡುಗಿ ಮಾತ್ರ, ಅವಳವ್ವ ಹಾಲು ಮಾರಿ ಉಳಿಸಿದ್ದನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ತಾನೇ ನಮ್ಮ ಮನೆಗೆ ಬಂದಳು.

"ಎಣಸಿ ತಗೋರಿ ಮತ್ತ. ಕಡಿಮಿ ಬಿತ್ತಂತ ಆಮ್ಯಾಲೆ ಅನಬಾರದು!"

ಗೇಣುದ್ದದ ಪೋರಿ! ನಗು ತಡೆದುಕೊಂಡು ಅವಳೆದುರೇ ಎಣಿಸಿದೆ.

ಜಮಖಾನ ತರುವ ಮೊದಲೇ ಆ ಮಗುವಿಗೆ ಜ್ವರ ಬಂತು. ಧಾರವಾಡಕ್ಕೆ ಒಯ್ದರು. ಉಳಿಯಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಓಣಿಯವರು ಬುತ್ತಿ ಒಯ್ಯುವುದು ನಮ್ಮ ಕಡೆಯ ಪದ್ಧತಿ. ನಾವೂ ರೊಟ್ಟಿ, ಪಲ್ಯ, ಅನ್ನ ಕಟ್ಟಿಕೊಂಡು ಹೊರಟೆವು. ಮಗುವೇ ಇಲ್ಲದ ಮೇಲೆ ಆ ತಾಯಿಯ ಹಣ ಇಟ್ಟುಕೊಳ್ಳುವುದು ಪಾಪ, ಬುತ್ತಿಯ ಜೊತೆಗೇ ಕೊಟ್ಟುಬಿಡೋಣ ಎಂದು ಎಲ್ಲರೂ ಮಾತಾಡಿಕೊಂಡಿದ್ದೆವು. ಅದು ನಮ್ಮ ದೊಡ್ಡ ಮನಸ್ಸು ಎಂದೇ ತಿಳಿದಿದ್ದೆವು.

ಆ ತಾಯಿ ಬುತ್ತಿ ತೆಗೆದುಕೊಂಡಳು. ಹಣ ಕಂಡೊಡನೆ ಕೈ ಹಿಂದಕ್ಕೆಳೆದುಕೊಂಡಳು.

"ಇದ್ಯಾಕ್ರಿ ಅಕ್ಕಾರ? ಆಕೀನ್ನ ಸಾಲ್ಯಾಗಿಂದ ತಗದಬಿಟ್ರೇನು?"

ಊರಿಗೆಲ್ಲ ಜೋರು ಮಾಡುವ ನಾನು ತಲೆ ತಗ್ಗಿಸಿದೆ.

"ಇದು ನನ್ನ ರೊಕ್ಕ ಅಲ್ರಿ. ಆಕಿ ತನ್ನ ಕೈಯಾರೆ ಕೊಟ್ಟ ಬಂದಾಳ. ಎಲ್ಲಾ ಹುಡುಗೂರ ಜೋಡಿ ಆಕೀದೂ ಇರಲ್ರಿ."

ಹಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮರಳಿದೆ. ಕರುಣೆ ತೋರಿಸಲು ಹೋಗಿ ಆ ಕೂಸನ್ನು ಇನ್ನೊಮ್ಮೆ ಕಳೆದು ಬಂದಿದ್ದೆವಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಬೈಲಹೊಂಗಲದಿಂದ ಜಮಖಾನ ತಂದು ಹಾಸಿದ ದಿನ ಆ ತಾಯಿಯನ್ನೂ ಕರೆದಿದ್ದೆ. ಬರಲಾರಳು ಎಂದುಕೊಂಡಿದ್ದೆ, ಬಂದಳು. ಮಕ್ಕಳೆಲ್ಲ ಹೊಸ ಜಮಖಾನದ ಮೇಲೆ ಹೊರಳಾಡಿ ಟೀಚರ ಕೈಲಿ ಬೈಸಿಕೊಳ್ಳುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ನಮ್ಮಾಕಿ ಎಲ್ಲಿ ಕುಂದರತಿದ್ಲು?"

ನನ್ನ ಮಗಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಇಲ್ಲೇ ಬರ್ರಿ ಚಿಗವ್ವಾರ."

ಅವಳು ಚಪ್ಪಲಿ ಕಳಚಿ ಒಳಗೆ ಬಂದು, ಮಕ್ಕಳ ಸಾಲಿನಲ್ಲಿ ಕಾಲು ಮಡಚಿ ಕೂತಳು. ಅಂಗೈಯಿಂದ ಜಮಖಾನವನ್ನು ನಿಧಾನವಾಗಿ ಸವರಿದಳು.

"ಬೆಚ್ಚಗ ಐತಿ," ಎಂದಳು.

ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳೆಲ್ಲ ತಟ್ಟೆ ಹಿಡಿದು ಹೊರಗೋಡಿದರು. ಅವಳು ಆ ಜಾಗ ಬಿಟ್ಟು ಏಳಲಿಲ್ಲ.