ದಿಬ್ಬದ ಸ್ನೋಡ್ರಾಪ್

ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಆ ಹಳ್ಳಿಯಲ್ಲಿ ಬೆರಿಲ್ ಎಂದರೆ ಶಾಲೆಯ ಅಡುಗೆಮನೆಯ ಬೆರಿಲ್. ಅರ್ಧ ಊರಿಗೆ ಬಡಿಸಿದ ಕೈ. ತನ್ನದೆಂದು ಅವಳು ಹೇಳಿಕೊಳ್ಳುತ್ತಿದ್ದದ್ದು ಒಂದೇ, ಚರ್ಚಿನ ಗೇಟಿನ ಪಕ್ಕದ ದಿಬ್ಬದಲ್ಲಿ ಅವಳಮ್ಮ ನೆಟ್ಟಿದ್ದ ಸ್ನೋಡ್ರಾಪ್ ಹೂಗಿಡ. ಫೆಬ್ರವರಿಯ ಕೊರೆಯುವ ಚಳಿಯಲ್ಲಿ, ಬೇರೆ ಗಿಡಗಳು ಮುಸುಕೆಳೆದು ಮಲಗಿರುವಾಗ, ದಿಬ್ಬ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು.

ಅದೆಲ್ಲ ಗಂಡ ಕ್ಲೆಮ್ ನಿವೃತ್ತನಾಗಿ ಚರ್ಚಿನ ಹುಲ್ಲು ಕತ್ತರಿಸುವ ಸೇವೆ ಹಿಡಿಯುವ ತನಕ. ಸ್ನೋಡ್ರಾಪ್ ಹೂವು ಹೋದ ಮೇಲೂ ಎಲೆಯನ್ನು ತಾನಾಗಿ ಹಣ್ಣಾಗಿ ಬೀಳುವ ತನಕ ಬಿಡಬೇಕು. ಮಣ್ಣೊಳಗಿನ ಗಡ್ಡೆ ಮುಂದಿನ ವರ್ಷದ ಹೂವಿಗೆ ಉಣ್ಣುವುದು ಅದರಿಂದಲೇ. ಕ್ಲೆಮ್‌ಗೋ ಈಸ್ಟರ್‌ಗೆ ಬರುವ ಜನರ ಕಣ್ಣಿಗೆ ಹುಲ್ಲು ಒಂದೇ ಸಮ ಕಾಣಬೇಕು. ವರ್ಷ ವರ್ಷವೂ ಹುಲ್ಲು ಕತ್ತರಿಸುವ ಯಂತ್ರ ಹಸಿರೆಲೆಯ ಮೇಲೇ ಹರಿಯಿತು. ಬೆರಿಲ್ ಹೇಳಿ ಹೇಳಿ ಬಾಯಿ ಸೋತಳು. ಈ ಸಲ ದಿಬ್ಬದಲ್ಲಿ ಬಿಟ್ಟದ್ದು ಒಂದು ಹಿಡಿ ಹೂವು.

ಅವಳು ಅಷ್ಟನ್ನೂ ಕಿತ್ತು ತಂದು ಗಾಜಿನ ಲೋಟದಲ್ಲಿ ಊಟದ ಮೇಜಿನ ಮೇಲಿಟ್ಟಳು.

ಕ್ಲೆಮ್ ಬಾಗಿಲಲ್ಲೇ ನಿಂತ. ಸ್ನೋಡ್ರಾಪ್ ಮನೆಯೊಳಗೆ ಬಂದರೆ ಹಿಂದೆಯೇ ಸಾವು ಬರುತ್ತದೆಂದು ಆ ಕಡೆಯ ಹಳಬರು ನಂಬುತ್ತಾರೆ.

"ತಲೆ ಕೆಟ್ಟಿದೆಯೇನೇ ನಿಂಗೆ? ಆಚೆ ಇಡು ಅದನ್ನ."

"ಇಡ್ತೀನಿ. ಜೂನ್ ತನಕ ದಿಬ್ಬಕ್ಕೆ ಯಂತ್ರ ಹತ್ತಿಸಲ್ಲ ಅನ್ನು."

"ಜೂನಾ? ಚರ್ಚೇನು ದನ ಮೇಯಿಸೋ ಜಾಗವಾ? ಜನ ನನ್ನ ಸೋಮಾರಿ ಅಂತಾರೆ."

"ಮದುವೆಯಾದಾಗಿಂದ ನಾನು ಅಂತಿಲ್ವಾ? ಏನಾಯ್ತು ನಿಂಗೆ?"

"ನಮ್ಮಮ್ಮ ಇದ್ದಿದ್ರೆ ಆ ಲೋಟ ಕಿಟಕಿಯಿಂದ ಆಚೆ ಹೋಗ್ತಿತ್ತು."

"ಅದರ ಹಿಂದೇನೆ ನನ್ನನ್ನೂ ಎಸೀತಿದ್ರು, ಬಿಡು."

ಕ್ಲೆಮ್ ತಟ್ಟೆ ಎತ್ತಿಕೊಂಡು ಹಿತ್ತಲ ಶೆಡ್ಡಿಗೆ ಹೋದ. ಬಕೆಟ್ ಬೋರಲು ಹಾಕಿ, ಯಂತ್ರದ ಪಕ್ಕ ಕೂತು, ತಣ್ಣಗಾದ ಸಾಸೇಜು, ಆಲೂಗಡ್ಡೆ ತಿಂದ. ಮಾರನೆಯ ದಿನವೂ ಅದೇ. ಚಳಿಗೆ ನಡುಗುತ್ತಾನೆ, ಮಾತು ಮಾತ್ರ ಕೊಡುವುದಿಲ್ಲ. ರಾತ್ರಿ ಅವನಿಗೆ ಕೆಮ್ಮು ಹತ್ತಿತು. ಇಂಥದ್ದನ್ನೆಲ್ಲ ನಂಬದ ಬೆರಿಲ್ಲೇ ಎದ್ದು ಹೂವನ್ನು ಆಚೆ ಎಸೆದು ಬಂದಳು. ಅವನ ಮೇಲಿನದಕ್ಕಿಂತ ತನ್ನ ಮೇಲೇ ಅವಳಿಗೆ ಹೆಚ್ಚು ಸಿಟ್ಟು ಬಂತು.

ಬೆಳಗ್ಗೆ ಗುದ್ದಲಿ ಹಿಡಿದು ಚರ್ಚಿಗೆ ಹೊರಟಳು. ಅಲ್ಲಿ ಕ್ಲೆಮ್ ಯಂತ್ರ ಒಯ್ಯದ ಜಾಗ ಒಂದೇ, ಅವನ ತಾಯಿಯ ಸಮಾಧಿ. ಅಲ್ಲಿ ಅವನು ಮಂಡಿಯೂರಿ ಕತ್ತರಿಯಲ್ಲಿ ಹುಲ್ಲು ಕತ್ತರಿಸುತ್ತಾನೆ. ದಿಬ್ಬದಲ್ಲಿ ಉಳಿದ ಗಡ್ಡೆಗಳನ್ನು ಎಲೆ ಸಮೇತ ಕಿತ್ತು ಬೆರಿಲ್ ಆ ಕಲ್ಲಿನ ಸುತ್ತ ಒತ್ತೊತ್ತಾಗಿ ನೆಟ್ಟಳು.

ಕೆಮ್ಮುತ್ತ ಬಂದ ಕ್ಲೆಮ್ ಗೇಟಿನಿಂದಲೇ ಕೇಳಿದ, "ಏನೇ ಮಾಡ್ತಿದೀಯಾ?"

"ನಿಮ್ಮಮ್ಮಂಗೆ ಹೂವು. ಕತ್ತರಿ ಹಾಕು, ನೋಡೋಣ."

ಅವನು ಗೇಟು ಎಳೆದುಕೊಂಡು ಮನೆಯತ್ತ ತಿರುಗಿದ.

ಬೆರಿಲ್ ಹಿಮ್ಮಡಿಯಿಂದ ಮಣ್ಣು ಅದುಮಿದಳು, ಬೇಕಾದ್ದಕ್ಕಿಂತ ತುಸು ಜೋರಾಗಿಯೇ. ತನ್ನಮ್ಮನ ಹೂವೇನೋ ಉಳಿಯಿತು. ಸೇರಿದ್ದು ಮಾತ್ರ ಅತ್ತೆಯ ಪಾಲಿಗೆ.