ಗುಡ್ಡ ಕುಸಿಯುವಾಗ ಚೆಂಡೆ ಇರಲಿಲ್ಲ

ಗುಡ್ಡ ಕುಸಿಯುವಾಗ ಯಾರೂ ಚೆಂಡೆ ಬಾರಿಸುವುದಿಲ್ಲ. ನಾನು ಅಲ್ಲಿದ್ದೆ, ಹಾಗಾಗಿ ಧೈರ್ಯವಾಗಿ ಹೇಳಬಲ್ಲೆ. ಆದರೆ ಈಗೀಗ ಆ ಧೈರ್ಯವೂ ಸಡಿಲವಾಗಿದೆ. ಕಣ್ಣು ಮುಚ್ಚಿದರೆ ಮಣ್ಣು ಜಾರುತ್ತದೆ, ಜೊತೆಗೆ ಚೆಂಡೆಯೂ ಕೇಳುತ್ತದೆ.

ನಡೆದದ್ದು ಇಷ್ಟೆ. ಶಾಲೆ ಬಿಟ್ಟು ಬಸ್ಸಿನಲ್ಲಿ ನಾಯ್ಮಾರ್ಮೂಲೆ ದಾಟಿ ಬರುತ್ತಿದ್ದೆ. ಹೆದ್ದಾರಿಗೆಂದು ಕಡಿದ ಗುಡ್ಡದ ಮೇಲಿಂದ ಒಂದು ಗೇರುಮರ, ಲಿಫ್ಟಿನಲ್ಲಿ ಬಂದ ಹಾಗೆ, ನಿಂತುಕೊಂಡೇ ಕೆಳಗಿಳಿಯಿತು. ಹಿಂದೆಯೇ ಕೆಂಪು ಮಣ್ಣು. ನಮ್ಮ ಮುಂದಿದ್ದ ಆಟೋ ಅದರೊಳಗೆ ಮರೆಯಾಯಿತು. ಅದು ಲಾರೆನ್ಸಣ್ಣನ ಆಟೋ. ದಿನಾ ಸ್ಟ್ಯಾಂಡಿನಿಂದ ನನ್ನನ್ನು ಮನೆಗೆ ಬಿಡುವವನು. ಬಸ್ಸಿನಲ್ಲಿ ಯಾರೂ ಕಿರುಚಲಿಲ್ಲ. ಅಂಥ ನಿಶ್ಶಬ್ದವನ್ನು ನಾನು ಪಾಠ ಮಾಡುವ ತರಗತಿಯಲ್ಲಿ ಕಂಡದ್ದೇ ಇಲ್ಲ. ಪೊಲೀಸರು ಬಸ್ಸನ್ನು ಹಿಂದಕ್ಕೆ ಕಳಿಸಿದರು; ಸುತ್ತುದಾರಿಯಲ್ಲಿ ಮನೆ ಸೇರಿದೆ.

ಲಾರೆನ್ಸಣ್ಣನ ಫೋನು ಸ್ವಿಚ್ ಆಫ್. ಉಳಿದದ್ದು ಟಿವಿ. ಎರಡು ಭಾಷೆಯ ಗಡಿಯಾದ ನಮ್ಮ ಕಡೆ ಒಂದು ಪದ್ಧತಿ ಉಂಟು: ಸುದ್ದಿ ತಿಳಿಯಲು ಮಲಯಾಳಂ ಚಾನೆಲ್, ಮನಸ್ಸಿಗೆ ತಾಗಲು ಕನ್ನಡದ್ದು. ಮಲಯಾಳಂನಲ್ಲಿ ನಾಲ್ಕು ಜನ ನಾಲ್ಕು ಚೌಕದಲ್ಲಿ ಕೂತು, ಗುಡ್ಡ ಯಾವ ಪಕ್ಷದಿಂದ ಕುಸಿಯಿತೆಂದು ಜಗಳಾಡುತ್ತಿದ್ದರು. ಕನ್ನಡದಲ್ಲಿ ಯಾರದೋ ಮೊಬೈಲಿನ ದೃಶ್ಯಕ್ಕೆ ಹಿನ್ನೆಲೆಯಾಗಿ ಚೆಂಡೆ, ಆಟೋಗೆ ಕೆಂಪು ವೃತ್ತ. ಆಟೋ ಮರೆಯಾಗುವ ಹೊತ್ತಿಗೆ ಸರಿಯಾಗಿ 'ಬದುಕುವನೇ ಚಾಲಕ? ಸಣ್ಣ ವಿರಾಮದ ನಂತರ.' ಕೂಡಲೇ ಮೈತುಂಬ ಚಿನ್ನ ಹೊತ್ತ ಮದುಮಗಳು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅಷ್ಟು ಗಾಬರಿಯಲ್ಲೂ ಅವಳ ಕೊರಳಿನ ಅಡ್ಡಿಗೆಯ ಡಿಸೈನ್ ನೋಡಿದೆ.

ಕುಸಿದ ಜಾಗವನ್ನು ಮಲಯಾಳಂನವರು ಚೆಂಗಳ ಎಂದರು, ಕನ್ನಡದವರು ಮಂಗಳೂರು ಸಮೀಪ ಎಂದರು. ಪುತ್ತಿಗೆಯಿಂದ ಅತ್ತೆಯ ಫೋನು, ಎರಡು ಗುಡ್ಡ ಬಿತ್ತಲ್ಲ ಎಂದು. ಒಂದೇ ಎಂದರೆ ಒಪ್ಪಲಿಲ್ಲ. "ಅದಕ್ಕೆ ಚೆಂಡೆ ಉಂಟು, ಇದಕ್ಕೆ ಇಲ್ಲ. ಒಂದೇ ಹೇಗಾಗ್ತದೆ ಮಾರಾಯ್ತಿ?"

ಎಡನೀರಿನಲ್ಲಿ ಯಕ್ಷಗಾನ ನೋಡಿದವರಿಗೆ ಗೊತ್ತು, ರಕ್ಕಸ ಬರುವ ಮೊದಲೇ ಚೆಂಡೆ ಜೋರಾಗುತ್ತದೆ. ಹೆದರಲು ತಯಾರಾಗುವಷ್ಟು ಸಮಯ ಕೊಡುವ ಸಜ್ಜನ ರಕ್ಕಸರು.

ಬೆಳಿಗ್ಗೆ ಸ್ಟ್ಯಾಂಡಿಗೆ ಹೋದರೆ ಲಾರೆನ್ಸಣ್ಣ ಆಟೋ ತೊಳೆಯುತ್ತಿದ್ದ. ಹಿಂಬದಿ ನಜ್ಜುಗುಜ್ಜು, ಕನ್ನಡಿ ಇಲ್ಲ. ಮಣ್ಣು ಆಟೋದ ಬೆನ್ನಿಗೆ ತಾಗಿದಾಗ ಮುಂದಕ್ಕೆ ಓಡಿಸಿದವನು ಮನೆ ಮುಟ್ಟುವ ತನಕ ನಿಲ್ಲಿಸಲಿಲ್ಲವಂತೆ. ಫೋನು ದಾರಿಯಲ್ಲೆಲ್ಲೋ ಬಿತ್ತಂತೆ.

"ನಾನೂ ಚಾ ಕುಡಿಯುತ್ತಾ ಟಿವಿ ನೋಡಿದೆ ಟೀಚರ್," ಎಂದ. "ವಿರಾಮ ಅಂದ್ರಲ್ಲ, ಆಗ ಚಾ ಅಲ್ಲೇ ಇಟ್ಟು ಎದ್ದು ನಿಂತೆ. ಈ ಆಟೋದ ಜನ ಉಳಿತಾನಾ ಇಲ್ಲವಾ ಅಂತ."

"ಮತ್ತೆ?"

"ಮತ್ತೆ ಎಂತ, ಹೆಂಡತಿ ಟಿವಿ ಬಂದ್ ಮಾಡಿದಳು. ನೀವು ಇಲ್ಲೇ ಇದ್ದೀರಲ್ಲ ಮಾರಾಯ್ರೆ ಅಂದಳು."

ರಸ್ತೆ ಈಗ ತೆರೆದಿದೆ. ಆ ತಿರುವು ಬಂದಾಗಲೆಲ್ಲ ನನ್ನ ಕಿವಿ ಚೆಂಡೆಗೆ ಕಾಯುತ್ತದೆ. ಕೇಳದಿದ್ದರೆ ಸಮಾಧಾನ ಆಗಬೇಕಿತ್ತು. ಆಗುವುದಿಲ್ಲ. ಅವತ್ತೂ ಕೇಳಿರಲಿಲ್ಲವಲ್ಲ.